ಏನೂ ತೊಂದರೆಯಿಲ್ಲ

ಅವನಿಗೆ ಕೊಟ್ಟ ಕುರ್ಚಿ ಮಕ್ಕಳದು. ಕೂತರೆ ಮಂಡಿಗಳು ಎದೆಯ ಮಟ್ಟಕ್ಕೆ ಬರುತ್ತಿದ್ದವು. ಕಾಲು ಚಾಚಿದರೆ ಮೇಜಿನ ಅಡಿಯಲ್ಲಿ ಟೀಚರ ಚಪ್ಪಲಿಗೆ ತಾಗುತ್ತಿತ್ತು. ಹಾಗಾಗಿ ಅವನು ಕಾಲು ಮಡಚಿ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಒಂದರ ಮೇಲೊಂದು ಇಟ್ಟುಕೊಂಡು, ಗೋಡೆಗೆ ಅಂಟಿಸಿದ್ದ ಅಕ್ಷರಮಾಲೆಯನ್ನು ನೋಡುತ್ತಿದ್ದ. ಹೋದ ವರ್ಷ ಇದೇ ಕೋಣೆಯಲ್ಲಿ ಅವನು ಮೇಜಿನ ಆ ಕಡೆ, ಗಾಲಿ ಇರುವ ದೊಡ್ಡ ಕುರ್ಚಿಯಲ್ಲಿ ಕೂತಿದ್ದ. ಮಕ್ಕಳು ಒಬ್ಬೊಬ್ಬರಾಗಿ ಬಂದು ಈ ಪುಟ್ಟ ಕುರ್ಚಿಯಲ್ಲಿ ಕೂತು, ಅವನು ಕೊಟ್ಟ ಕಾರ್ಡು ಓದಿ ಹೋಗುತ್ತಿದ್ದರು. ಮನೆಯಲ್ಲೊಂದು, ಬೀದಿಯಲ್ಲೊಂದು, ಶಾಲೆಯಲ್ಲಿ ಇನ್ನೊಂದು ಭಾಷೆಯಾಡುವ ಮಕ್ಕಳಲ್ಲಿ ಓದು-ಬರಹದ ತೊಂದರೆಯನ್ನು ಗುರುತಿಸುವುದು ಹೇಗೆ ಎಂಬುದು ಅವನ ಪಿಎಚ್‌ಡಿಯ ವಿಷಯ. ಶಾಲೆಯವರೆಲ್ಲ ಅವನನ್ನು 'ಟೆಸ್ಟ್ ಸರ್' ಎಂದೇ ಕರೆಯುತ್ತಿದ್ದರು. ಎದುರು ಕೂತಿದ್ದ ಈ ಟೀಚರೇ ಆಗ ಅವನು ಬಂದರೆ ಎದ್ದು ನಿಲ್ಲುತ್ತಿದ್ದಳು. ಈಗಲೂ ಎದ್ದು ನಿಂತಿದ್ದಳು. ಆದರೆ ಕೂರುವಾಗ ತನ್ನ ಕುರ್ಚಿಯಲ್ಲೇ ಕೂತಿದ್ದಳು.

"ಸರ್, ತಪ್ಪು ತಿಳ್ಕೋಬೇಡಿ."

ತಪ್ಪು ತಿಳಿಯಬೇಡಿ ಎಂದು ಶುರುವಾದ ಮಾತು ಯಾವತ್ತೂ ಒಳ್ಳೆಯ ಸುದ್ದಿಯಲ್ಲಿ ಮುಗಿದದ್ದಿಲ್ಲ. ಅವನೇ ಎಷ್ಟು ತಾಯಂದಿರಿಗೆ ಇದೇ ಪೀಠಿಕೆ ಹಾಕಿದ್ದಾನೋ.

"ಹೇಳಿ, ಹೇಳಿ. ನಮ್ಮ ಬುಗುರಿ ಏನು ಗಲಾಟೆ ಮಾಡಿದ್ಲು?" ಎಂದು ನಕ್ಕ. ಒಂದು ಕಡೆ ನಿಲ್ಲದೆ ಗಿರಗಿರ ತಿರುಗುವ ಮಗಳಿಗೆ ಅವಳು ನಡೆಯಲು ಕಲಿತ ವಾರವೇ ಬಿದ್ದ ಹೆಸರು ಅದು. ನಗು ಅವನ ಕಿವಿಗೇ ಹೆಚ್ಚಾಯಿತು ಅನ್ನಿಸಿತು.

"ಗಲಾಟೆ ಮಾಡಿದ್ರೆ ಚಿಂತೆ ಇರ್ಲಿಲ್ಲ ಸರ್. ಓದೋ ಪೀರಿಯಡ್ ಬಂತು ಅಂದ್ರೆ ಟಾಯ್ಲೆಟ್ ಅಂತಾಳೆ. ಮೊದಮೊದಲು ಬಿಡ್ತಿದ್ದೆ. ನಿನ್ನೆ ಎಷ್ಟು ಹೊತ್ತಾದ್ರೂ ಬರ್ಲಿಲ್ಲ ಅಂತ ನಾನೇ ಹೋಗಿ ನೋಡಿದ್ರೆ ಒಳಗಿಂದ ಚಿಲಕ ಹಾಕ್ಕೊಂಡು ನಿಂತಿದ್ಲು. ಅಳ್ತಾನೂ ಇರ್ಲಿಲ್ಲ. ಗಂಟೆ ಹೊಡೀಲಿ ಅಂತ ಸುಮ್ನೆ ನಿಂತಿದ್ಲು."

ಅವನ ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು. ಥೀಸಿಸ್ಸಿನ ಎರಡನೆಯ ಅಧ್ಯಾಯದ ವಾಕ್ಯಗಳು ಒಂದರ ಹಿಂದೊಂದು ಸಾಲುಗಟ್ಟಿ ಬಂದವು. ಮೂರು ಭಾಷೆಗಳು ಒಂದೇ ತಲೆಯಲ್ಲಿ ಜಾಗ ಹುಡುಕುವಾಗ ನೂಕುನುಗ್ಗಲು ಆಗುವುದು ಸಹಜ. ಅದನ್ನೇ ನ್ಯೂನತೆ ಎಂದುಬಿಟ್ಟರೆ ಮಗುವಿನ ಹಣೆಗೆ ಚೀಟಿ ಅಂಟಿಸಿದ ಹಾಗೆ. ಇವಳು ಅಪ್ಪನ ಜೊತೆ ಒಂದು ಭಾಷೆ, ಅಜ್ಜಿಯ ಜೊತೆ ಇನ್ನೊಂದು, ಇಲ್ಲಿ ಮತ್ತೊಂದು. ಹೇಳುತ್ತಾ ಹೇಳುತ್ತಾ ಅವನಿಗೆ ತನ್ನ ಬೆನ್ನು ನೆಟ್ಟಗಾದದ್ದು, ಪುಟ್ಟ ಕುರ್ಚಿ ಮರೆತುಹೋದದ್ದು ತಿಳಿಯಿತು. ಟೀಚರು ತಲೆಯಾಡಿಸುತ್ತಾ ಕೇಳಿದಳು. ಅವನು ಮುಗಿಸಿದ ಮೇಲೆ ಮೇಜಿನ ಮೇಲಿದ್ದ ಸೀಮೆಸುಣ್ಣದ ಪುಡಿಯನ್ನು ಬೆರಳಲ್ಲಿ ಒತ್ತಿ ತೆಗೆಯುತ್ತಾ, ಮುಖ ನೋಡದೆ, "ಇದನ್ನೆಲ್ಲ ಟ್ರೈನಿಂಗಲ್ಲಿ ನೀವೇ ಹೇಳ್ಕೊಟ್ರಿ ಸರ್. ಮೂರೂ ಭಾಷೇಲಿ ನೋಡದೆ ಏನನ್ನೂ ಹೇಳಬಾರದು ಅಂತಾನೂ ನೀವೇ ಹೇಳಿದ್ದು. ಏನೋ ಇದೆ ಅಂತ ಹೇಳಬಾರದು, ಏನೂ ಇಲ್ಲ ಅಂತಾನೂ ಹೇಳಬಾರದು ಅಂತ," ಎಂದಳು. ಆಮೇಲೆ ತಾನು ಹೆಚ್ಚು ಮಾತಾಡಿಬಿಟ್ಟೆನೇನೋ ಎಂದು ಕಿವಿ ಕೆಂಪು ಮಾಡಿಕೊಂಡಳು. "ಒಂದ್ಸಲ ನೋಡಿಬಿಡಿ ಸರ್. ನಿಮಗೇನು, ಮನೇಲೇ ಎಲ್ಲ ಇದೆ."

"ನಾನು ನೋಡ್ಕೋತೀನಿ. ಏನೂ ತೊಂದರೆಯಿಲ್ಲ," ಎಂದು ಅವನು ಎದ್ದ. ಏಳುವಾಗ ಕುರ್ಚಿಯೂ ಅವನ ಸೊಂಟಕ್ಕೆ ಕಚ್ಚಿಕೊಂಡು ಮೇಲೆ ಬಂತು. ಟೀಚರು ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು. ಕಾರಿಡಾರಿನಲ್ಲಿ ಶಾಲೆಯ ಗುಮಾಸ್ತ ಎದುರಾಗಿ, "ಏನ್ ಟೆಸ್ಟ್ ಸರ್, ಬಹಳ ದಿನ ಆಯ್ತು. ಇವತ್ತು ಯಾವ ಮಕ್ಕಳು?" ಎಂದ. "ಹೀಗೇ, ಒಂದು ಕೇಸಿತ್ತು," ಎಂದು ಅವನು ನಡೆದುಬಿಟ್ಟ. ಗೇಟಿನವರೆಗೂ ಆ ಮಾತು ಬಾಯಲ್ಲಿ ಕಲ್ಲಿನ ಹಾಗೆ ಉಳಿಯಿತು. ಒಂದು ಕೇಸು. ತಿರುಗಿ ನೋಡಿದರೆ ಮೊದಲ ಮಹಡಿಯ ಕಿಟಕಿಯಲ್ಲಿ ಬುಗುರಿಯೇ ನಿಂತಿದ್ದಳೋ, ಅವಳ ಹಾಗೆ ಎರಡು ಜಡೆ ಹಾಕಿದ ಬೇರೆ ಹುಡುಗಿಯೋ ಗೊತ್ತಾಗಲಿಲ್ಲ. ಆದರೂ ಕೈಬೀಸಿದ. ಕಿಟಕಿಯವಳು ಕೈಬೀಸಲಿಲ್ಲ.

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಅಂಗಡಿಗಳ ಬೋರ್ಡುಗಳನ್ನು ಓದುತ್ತಾ ಹೋದ. ಓದದೇ ಇರಲು ಆಗುವುದಿಲ್ಲ ಎಂಬುದೇ ವಿಚಿತ್ರ. ಕಣ್ಣು ಬಿದ್ದ ಕ್ಷಣಕ್ಕೆ ಅಕ್ಷರ ತಾನೇ ಮಾತಾಗಿಬಿಡುತ್ತದೆ, ತಡೆಯಲು ಬರುವುದಿಲ್ಲ. ಒಂದು ಬೋರ್ಡನ್ನಾದರೂ ಬರೀ ಗೆರೆಗಳಾಗಿ, ಸುಣ್ಣದ ಗೋಡೆಯ ಬಿರುಕುಗಳ ಹಾಗೆ ನೋಡಲು ಪ್ರಯತ್ನಪಟ್ಟ. 'ಇಲ್ಲಿ ಬೀಗದ ಕೈ ಮಾಡಿಕೊಡಲಾಗುವುದು' ಎಂದು ಅದು ಹಟಮಾರಿಯ ಹಾಗೆ ಓದಿಸಿಕೊಂಡಿತು. ಹೆಂಡತಿಯ ಕನ್ನಡಕದ ಅಂಗಡಿ ಇದೇ ರಸ್ತೆಯ ಕೊನೆಯಲ್ಲಿ. ಅವಳು ಅಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಬೇಸಿಗೆ ರಜೆಯಲ್ಲಿ ಬುಗುರಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಭಾರದ ಚೌಕಟ್ಟನ್ನು ಮೂಗಿನ ಮೇಲೆ ಇಟ್ಟು, ಗಾಜು ಬದಲಾಯಿಸಿ ಬದಲಾಯಿಸಿ ನೋಡಿದ್ದಳು. ಅಕ್ಷರಗಳ ಪಟ್ಟಿಯನ್ನು ಬಿಟ್ಟು, ಅಕ್ಷರ ಬಾರದವರಿಗೆಂದು ಇಟ್ಟಿರುವ ಚಿತ್ರಗಳ ಪಟ್ಟಿಯನ್ನು ತೂಗುಹಾಕಿದ್ದಳು. ಅದನ್ನು ಅವನು ಗಮನಿಸಿದ್ದ. ಯಾಕೆ ಎಂದು ಕೇಳಿರಲಿಲ್ಲ. ಮಗಳು ಕೊನೆಯ ಸಾಲಿನ ಸಾಸಿವೆಯಷ್ಟು ಮೀನನ್ನೂ ದೋಣಿಯನ್ನೂ ಪಟಪಟ ಹೇಳಿದ್ದಳು. ಆ ದಿನ ಮನೆಗೆ ಬಂದು ಹೆಂಡತಿ ಕೈತೊಳೆಯುತ್ತಾ, "ಕಣ್ಣು ಕನ್ನಡಿ ಹಾಗಿದೆ ರೀ. ನನ್ನ ಕೆಲಸ ಮುಗೀತು. ಇನ್ನು ನಿಮ್ಮದು," ಎಂದಿದ್ದಳು.

ಅವನು ಮುಂದಕ್ಕೆ ಹಾಕಿದ. ಇನ್ನೂ ಎರಡನೇ ಕ್ಲಾಸು, ಅಷ್ಟು ಬೇಗ ಏನೂ ಹೇಳಲಾಗದು ಎಂದ. ಶಾಲೆ ಶುರುವಾಗಲಿ ಎಂದ. ಅಂಕಿಅಂಶಗಳ ಕೆಲಸ ಮುಗಿಯಲಿ ಎಂದ. ಅವಳು "ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಮ್ಮನೇಲಿ ವೈದ್ಯರಿಗೇ ಹಿತ್ತಲು ಕಾಣಲ್ಲ," ಎಂದು ಪಾತ್ರೆ ಕುಕ್ಕಿದಳು. ಒಮ್ಮೆ, ಅಡಿಗೆಮನೆಯಲ್ಲಿ, ಅವಳು ಬಿಡದೆ ಕೇಳಿದಾಗ ಅವನಿಗೆ ತಾಳ್ಮೆ ತಪ್ಪಿತ್ತು. "ನನ್ನ ಮಗಳಿಗೇ ಓದೋಕೆ ಬರಲ್ಲ ಅಂತಾದ್ರೆ ನಾನು ಬರೆದಿರೋ ಪುಸ್ತಕಾನೇ ಸುಳ್ಳು ಅಂತ ಆಯ್ತಲ್ಲ! ಅವಳು ಓದ್ತಾಳೆ. ಸುಮ್ನಿರು." ಅದರಲ್ಲಿ ತರ್ಕವಿರಲಿಲ್ಲ ಎಂಬುದು ಅವನಿಗೆ ಆಗಲೇ ಗೊತ್ತಿತ್ತು. ಬಸ್ಸು ವಾಲಿದಾಗ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದ. ಪಕ್ಕದಲ್ಲಿ ಕೂತ ಹೆಂಗಸು ಅವನನ್ನೊಮ್ಮೆ ನೋಡಿ ತನ್ನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಪಿಎಚ್‌ಡಿಯ ಗೈಡ್ ಮೇಡಂ ಕೋಣೆಯಲ್ಲಿ ಫ್ಯಾನು ಕಟಕಟ ಸದ್ದು ಮಾಡುತ್ತಿತ್ತು. ಮೇಡಂ ಅವನ ಥೀಸಿಸ್ಸಿನ ಕರಡನ್ನು ಮುಂದಿಟ್ಟುಕೊಂಡು, ಕನ್ನಡಕವನ್ನು ಹಣೆಗೆ ಏರಿಸಿ, ಅವನು ಕೂರುವ ಮೊದಲೇ ಮಾತು ಶುರುಮಾಡಿದರು. ಮುಂದಿನ ವಾರ ಸಮಿತಿಯ ಮುಂದೆ ಮಂಡನೆ. ಅದು ದಾಟಿದರೆ ಸಲ್ಲಿಸಬಹುದು. ಭಾಷೆ ಚೆನ್ನಾಗಿದೆ, ಪರೀಕ್ಷೆ ಚೆನ್ನಾಗಿದೆ, ಅರ್ಥವಿಲ್ಲದ ಪದಗಳನ್ನು ಕಟ್ಟಿರುವ ರೀತಿ ಬಹಳ ಚೆನ್ನಾಗಿದೆ. ಲಬುಟಿ, ತಿಮಗು, ದವಿಣೆ, ಪೆಸುಲ; ಮಗು ಊಹೆಯಿಂದ ಓದದ ಹಾಗೆ, ಅಕ್ಷರಕ್ಕೆ ಅಕ್ಷರ ಕೂಡಿಸಿಯೇ ಓದಬೇಕಾದ ಹಾಗೆ ಅವನೇ ಊಟದ ಮೇಜಿನ ಮೇಲೆ ಕೂತು ಹುಟ್ಟಿಸಿದ ಪದಗಳು. ಅವನು ಹಗುರಾಗಿ ಉಸಿರು ಬಿಡುವಷ್ಟರಲ್ಲಿ ಅವರು ಕನ್ನಡಕವನ್ನು ಮೂಗಿಗೆ ಇಳಿಸಿದರು.

"ಒಂದು ವಿಷಯ. ಶಾಲೆಯ ಭಾಷೇಲೂ ಸೋತು, ಬೀದಿಯ ಭಾಷೇಲೂ ಸೋತ ಮಕ್ಕಳಿದಾರೆ. ಅವರ ಮನೆಮಾತಲ್ಲಿ ನಿಮ್ಮ ಹತ್ರ ಪರೀಕ್ಷೆನೇ ಇಲ್ಲ. ಅವರನ್ನ ಎಲ್ಲಿ ಹಾಕಿದೀರಿ?"

"ಭಾಷೆಯ ಗೊಂದಲ ಅನ್ನೋ ಗುಂಪಲ್ಲಿ, ಮೇಡಂ. ಅನುಮಾನದ ಲಾಭ ಮಗುವಿಗೆ ಸಿಗಲಿ ಅಂತ."

"ಮನೆಗೆ ಏನಂತ ಹೇಳಿ ಕಳಿಸಿದ್ರಿ?"

"ಏನೂ ತೊಂದರೆಯಿಲ್ಲ ಅಂತ."

"ಪರೀಕ್ಷೆ ಮಾಡದೇನೇ?" ಮೇಡಂ ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಮಾಡುತ್ತಿದ್ದರು. "ಆಮೇಲೆ ಅವರು ಏನಾದ್ರು? ಒಬ್ಬರನ್ನಾದ್ರೂ ಹೋಗಿ ನೋಡಿದ್ರಾ? ಸಮಿತೀಲಿ ಯಾರಾದ್ರೂ ಕೇಳೇ ಕೇಳ್ತಾರೆ. ಕೇಳದೇ ಇದ್ರೂ ನಾನು ಕೇಳ್ತೀನಿ."

ಅವನು ಏನೋ ಹೇಳಿದ. ಮಾದರಿಯ ಗಾತ್ರ, ಕಾಲಮಿತಿ, ಮುಂದಿನ ಸಂಶೋಧನೆಗೆ ದಾರಿ. ಹೇಳುತ್ತಿರುವಾಗಲೇ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಕಣ್ಣಮುಂದೆ ಬಂದಳು. ಸೆರಗಿಗೆ ಸೂಜಿ ಚುಚ್ಚಿಕೊಂಡೇ ಶಾಲೆಗೆ ಓಡಿಬಂದಿದ್ದಳು. ಮಗನಿಗೆ ನಾಲ್ಕನೇ ಕ್ಲಾಸಿಗೆ ಬಂದರೂ ಓದಲು ಬಾರದು. ಅವಳ ಮನೆಮಾತನ್ನು ಆಡುವವರು ಆ ಶಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ. 'ನಿಮ್ಮ ಹುಡುಗನಿಗೆ ಏನೂ ತೊಂದರೆಯಿಲ್ಲಮ್ಮ' ಎಂದು ಅವನು ಹೇಳಿದ ಕೂಡಲೇ ಅವಳು ಅವನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಿದ್ದಳು. ಆ ಒದ್ದೆಯನ್ನು ಅವನು ವಾರಗಟ್ಟಲೆ ಒಂದು ಪದಕದ ಹಾಗೆ ಅಂಗೈಯಲ್ಲಿ ಹೊತ್ತು ತಿರುಗಿದ್ದ. ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ್ದ. ಅತ್ತೆಗೂ ಹೇಳಿದ್ದ. ಸಂಶೋಧನೆ ಎಂದರೆ ಇದು ಎಂದಿದ್ದ.

"ಯೋಚನೆ ಮಾಡಿ ಬನ್ನಿ," ಎಂದರು ಮೇಡಂ. ಅವರ ದನಿಯಲ್ಲಿ ಕೋಪವಿರಲಿಲ್ಲ. ಹೊರಗೆ ಬಂದು ನೀರಿನ ಯಂತ್ರದ ಹತ್ತಿರ ಲೋಟ ಹಿಡಿದು ನಿಂತ. ಹಿಂದೆ ನಿಂತಿದ್ದ ವಿದ್ಯಾರ್ಥಿನಿ, "ಸರ್, ತುಂಬಿ ಚೆಲ್ತಾ ಇದೆ," ಎಂದಾಗ ಷೂ ಒದ್ದೆಯಾಗಿತ್ತು.

ಸಂಜೆ ಮನೆಗೆ ಬಂದಾಗ ಬುಗುರಿ ಬಾಲ್ಕನಿಯಲ್ಲಿ ಅಜ್ಜಿಯ ಎದುರು ನಿಂತು, ಕೈ ಬಾಯಿ ತಿರುಗಿಸಿ ಕತೆ ಹೇಳುತ್ತಿದ್ದಳು. ಅತ್ತೆಯ ಭಾಷೆ ಅವನಿಗೆ ಅರ್ಧ ಅರ್ಥವಾಗುತ್ತದೆ, ಆಡಲು ಬಾರದು. ಕತೆಯಲ್ಲಿ ಒಬ್ಬಳು ಟೀಚರು ಕಪ್ಪೆಯಾಗಿ, ಶಾಲೆಯ ಗಂಟೆಯನ್ನು ನುಂಗಿ, ಹೊಟ್ಟೆಯೊಳಗೆ ಠಣ್ ಎಂದಾಗಲೆಲ್ಲ ಮಕ್ಕಳು ಮನೆಗೆ ಓಡುತ್ತಿದ್ದರು. ಅತ್ತೆ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಇಷ್ಟು ಮಾತಿನ ಮಗು. ಮಾತು ಹೀಗೆ ಉಕ್ಕುವ ಕಡೆ ಓದು ಇಂಗಿಹೋಗುವುದುಂಟೇ? ಅವನ ಎದೆಯಲ್ಲಿ ಒಂದು ಆಸೆ ಮೆಲ್ಲಗೆ ತಲೆ ಎತ್ತಿತು. ನೋಡಿಯೇ ಬಿಡೋಣ. ನೋಡಿದರೆ ಟೀಚರ ಬಾಯಿಯೂ ಮುಚ್ಚುತ್ತದೆ, ಹೆಂಡತಿಯದೂ. ತನ್ನ ಮಗುವನ್ನು ತಾನೇ ಪರೀಕ್ಷಿಸಬಾರದು ಎಂಬ ನಿಯಮ ನೆನಪಿಗೆ ಬಂತು. ಇದು ಪರೀಕ್ಷೆಯಲ್ಲ, ಮನೆಯಲ್ಲಿ ಒಂದು ಆಟ ಎಂದುಕೊಂಡ. ಸಮಿತಿಗೆಂದು ಜೆರಾಕ್ಸ್ ಮಾಡಿಸಿದ ಹಾಳೆಗಳನ್ನು ಚೀಲದಿಂದ ತೆಗೆದ.

"ಬುಗುರಿ, ಬಾ ಇಲ್ಲಿ. ಅಪ್ಪನಿಗೆ ಸ್ವಲ್ಪ ಓದಿ ತೋರ್ಸು."

ಅವಳ ಕೈ ಗಾಳಿಯಲ್ಲೇ ನಿಂತಿತು. ಕಪ್ಪೆ ಟೀಚರು ಎಲ್ಲೋ ಹಾರಿಹೋದಳು. ಆಮೇಲೆ, ಅವನು ಅಂದುಕೊಂಡದ್ದಕ್ಕೆ ವಿರುದ್ಧವಾಗಿ, ಅವಳು ಓಡಿಬಂದು ಊಟದ ಮೇಜಿನ ಮುಂದೆ ಕೂತಳು. ಕೂದಲನ್ನು ಕಿವಿಯ ಹಿಂದೆ ಸರಿಸಿ, ಬೆರಳನ್ನು ಮೊದಲ ಸಾಲಿನ ಕೆಳಗೆ ಇಟ್ಟು ಶುರುಮಾಡಿದಳು. ಕೊಳದ ದಡದಲ್ಲಿ ಒಂದು ಮುದಿ ಆಮೆ ಇತ್ತು, ಅದಕ್ಕೆ ನೀರಿನೊಳಗೆ ಹೋಗಲು ಬೇಸರ, ದಡದಲ್ಲಿ ಇರಲು ಭಯ. ನೀರು ಹರಿದ ಹಾಗೆ. ಅಲ್ಪವಿರಾಮಕ್ಕೆ ನಿಂತು, ಪ್ರಶ್ನೆಗೆ ದನಿ ಎತ್ತರಿಸಿ, ಆಮೆಯ ಮಾತಿಗೆ ಗಂಟಲು ದಪ್ಪ ಮಾಡಿ. ಅವನ ಕಣ್ಣು ಮಂಜಾಯಿತು. ಇಷ್ಟು ದಿನದ ಸಂಕಟವೆಲ್ಲ ಒಂದು ಮೂರ್ಖತನವಾಗಿ, ನಗುವ ವಿಷಯವಾಗಿ ಕಂಡಿತು. ಆ ಕ್ಷಣದಲ್ಲೇ ಹೆಂಡತಿಗೆ ಫೋನು ಮಾಡಲೇ ಎಂದುಕೊಂಡ.

ಆಮೆ ತೆಪ್ಪ ಹತ್ತುವ ಕಡೆ ಬುಗುರಿ ಸಣ್ಣಗೆ ಕೆಮ್ಮಿದಳು.

ಅವನಿಗೆ ಆ ಕೆಮ್ಮು ಗೊತ್ತಿತ್ತು. ಹೇಗೆ ಓದಬೇಕೆಂಬ ಮಾದರಿಗಾಗಿ ಅವನು ತನ್ನದೇ ದನಿಯಲ್ಲಿ ಈ ಪಾಠಗಳನ್ನೆಲ್ಲ ರೆಕಾರ್ಡು ಮಾಡಿದ್ದ. ತೆಪ್ಪದ ಕಡೆ ಗಂಟಲು ಕಟ್ಟಿ ಕೆಮ್ಮಿದ್ದ. ಮತ್ತೆ ರೆಕಾರ್ಡು ಮಾಡಲು ಸೋಮಾರಿತನವಾಗಿ ಹಾಗೆಯೇ ಬಿಟ್ಟಿದ್ದ. ಎಷ್ಟು ಸಂಜೆ ಈ ಮನೆಯಲ್ಲಿ ಆ ದನಿ ಓಡಿರಬೇಕು! ಎರಡನೆಯ ಪಾಠ ಸೈಕಲ್ಲಿನದು, ಮೂರನೆಯದು ಸಂತೆಯದು. ಅವನ ಹಳೆಯ ಕಾರ್ಡುಗಳಿಗೆ ಬಣ್ಣಬಣ್ಣದ ಅಂಚುಗಳಿದ್ದವು. ಈ ಜೆರಾಕ್ಸಿನಲ್ಲಿ ಬಣ್ಣ ನೋಡಿ ಪಾಠ ಗುರುತಿಸುವಂತಿಲ್ಲ. ಅವನು ಎರಡನೆಯದನ್ನು ಬಿಟ್ಟು ಮೂರನೆಯ ಹಾಳೆಯನ್ನು ಅವಳ ಮುಂದೆ ಇಟ್ಟ.

"ನನ್ನ ಅಣ್ಣನ ಸೈಕಲ್ಲಿಗೆ ಒಂದೇ ಬ್ರೇಕು," ಎಂದು ಅವಳು ಓದಿದಳು.

ಬೆರಳು ಸಂತೆಯ ಸಾಲುಗಳ ಕೆಳಗೆ ನಿಧಾನವಾಗಿ ಸರಿಯುತ್ತಿತ್ತು. ಬಾಯಲ್ಲಿ ಸೈಕಲ್ಲು ಇಳಿಜಾರಿನಲ್ಲಿ ಓಡುತ್ತಿತ್ತು. ಸಂತೆಯ ಪಾಠ ಚಿಕ್ಕದು. ಬೆರಳು ಹಾಳೆಯ ತುದಿಗೆ ಬಂದಾಗ ಸೈಕಲ್ಲು ಇನ್ನೂ ದಾರಿಯಲ್ಲಿತ್ತು. ಬೆರಳು ಕೊಂಚ ತಡವರಿಸಿ, ಮೇಲೆ ಹೋಗಿ, ಮೊದಲ ಸಾಲಿನ ಕೆಳಗೆ ಮತ್ತೆ ಕೂತುಕೊಂಡಿತು. ಬಾಯಿ ಕತೆ ಮುಗಿಸುವವರೆಗೂ ಅಲ್ಲೇ ಕಾಯುತ್ತಿತ್ತು. ಅವಳು ತಲೆ ಎತ್ತಿ ಅವನ ಮುಖ ನೋಡಿದಳು. ಶಭಾಷ್ ಎನ್ನಿಸಿಕೊಳ್ಳಲು ಸಿದ್ಧವಾಗಿದ್ದ ಮುಖ.

ಆಗ ಸುಮ್ಮನಿರಬಹುದಿತ್ತು. ಅವನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದ್ದು ಅದೇ. ನೂರಾರು ಮಕ್ಕಳ ಮುಂದೆ ಅವನು ದನಿ ಎತ್ತರಿಸದೆ ಕೂತಿದ್ದಾನೆ. 'ಬಹಳ ಚೆನ್ನಾಗಿ ಪ್ರಯತ್ನ ಮಾಡಿದೆ' ಎಂದು ಪ್ರತಿಯೊಬ್ಬರಿಗೂ ಹೇಳಿ ಕಳಿಸಿದ್ದಾನೆ. ಈಗ ಪೆನ್ನು ತೆಗೆದು, ಹಾಳೆಯ ಹಿಂಬದಿಗೆ ದಪ್ಪಗೆ 'ಕಿಟಕಿ' ಎಂದು ಬರೆದು, ಅವಳ ಮುಂದೆ ತಳ್ಳಿದ.

"ಇದೇನು?"

ಅವಳು ನೋಡಿದಳು. "ಲಬುಟಿ," ಎಂದಳು ಮೆಲ್ಲಗೆ.

"ಸರಿಯಾಗಿ ನೋಡು."

"ತಿಮಗು?"

"ಊಹೆ ಮಾಡಬೇಡ. ಓದು. ಒಂದೊಂದೇ ಅಕ್ಷರ. ಓದೇ!"

"ಅಪ್ಪಾ, ಟಾಯ್ಲೆಟ್ಟು." ಅವಳು ಕುರ್ಚಿಯಿಂದ ಇಳಿದಳು.

"ಓದಿ ಆಮೇಲೆ ಹೋಗು." ಅವನ ಕೈ ಅವಳ ಮಣಿಕಟ್ಟನ್ನು ಹಿಡಿದಿತ್ತು. ಎಷ್ಟು ಸಣ್ಣ ಮಣಿಕಟ್ಟು. ಬೆರಳುಗಳು ಸುತ್ತಿ ಬಂದು ಒಂದನ್ನೊಂದು ದಾಟಿದ್ದವು. ಅವಳು ಕಿತ್ತುಕೊಳ್ಳಲಿಲ್ಲ. ಅಳಲಿಲ್ಲ. ಗಂಟೆ ಹೊಡೆಯಲಿ ಎಂದು ಕಾಯುವವರ ಹಾಗೆ ಸುಮ್ಮನೆ ನಿಂತಳು. ಬಾಲ್ಕನಿಯ ಬಾಗಿಲಲ್ಲಿ ಅತ್ತೆ ಬಂದು ನಿಂತದ್ದು, "ಅಳಿಯಂದ್ರೇ, ಕೈ," ಎಂದದ್ದು ಕೇಳಿಸಿ ಅವನು ಬಿಟ್ಟ.

"ಇದನ್ನೆಲ್ಲ ಯಾಕೆ ಬಾಯಿಪಾಠ ಮಾಡ್ಕೊಂಡೆ?" ಅವನ ದನಿ ಅವನಿಗೇ ಅಪರಿಚಿತವಾಗಿತ್ತು.

"ನೀನೇ ಹೇಳಿದ್ಯಲ್ಲ ಅಮ್ಮಂಗೆ," ಎಂದಳು ಬುಗುರಿ, ಮಣಿಕಟ್ಟನ್ನು ಫ್ರಾಕಿಗೆ ಉಜ್ಜಿಕೊಳ್ಳುತ್ತಾ. "ನಂಗೆ ಓದೋಕೆ ಬರದಿದ್ರೆ ನಿನ್ನ ದೊಡ್ಡ ಪುಸ್ತಕ ಸುಳ್ಳಾಗುತ್ತೆ ಅಂತ. ಅದಕ್ಕೆ ಎಲ್ಲಾ ಕಲ್ತಿದೀನಿ. ಸಂತೆದೂ ಬರುತ್ತೆ. ಹೇಳ್ಲಾ?"

ಅತ್ತೆ ಅವಳನ್ನು ಸೊಂಟಕ್ಕೆ ಒತ್ತಿಕೊಂಡರು. ಅವನು ಹಾಳೆಗಳನ್ನು ಒಟ್ಟುಮಾಡಿದ, ಅಂಚುಗಳನ್ನು ಮೇಜಿಗೆ ಕುಟ್ಟಿ ಸಮ ಮಾಡಿದ, ಮತ್ತೆ ಚದುರಿಸಿದ. ಊರಿನ ಮಕ್ಕಳಿಗೆಲ್ಲ ಅಳೆಯುವ ಕೋಲು ಮಾಡಿದವನು, ಈ ಒಂದು ಮಗುವಿಗೆ ಆ ಕೋಲು ಕೆಲಸಕ್ಕೆ ಬಾರದ ಹಾಗೆ ತಾನೇ ಮಾಡಿಟ್ಟಿದ್ದ. ಅರ್ಥವಿರಬಾರದೆಂದು ಕಟ್ಟಿದ ಪದಗಳಿಗೂ ಅವಳ ಬಳಿ ಅರ್ಥವಿತ್ತು. ಲಬುಟಿ ಅವಳ ಬಟ್ಟೆಗೊಂಬೆಯ ಹೆಸರು. ಹೊಟ್ಟೆ ತುಂಬಿದ ಮೇಲೂ ಆಸೆಗೆ ತಿನ್ನುವುದಕ್ಕೆ ತಿಮಗು ಎನ್ನುತ್ತಿದ್ದಳು. ಈಗೀಗ ಹೆಂಡತಿಯೂ 'ಸಾಕು ತಿಮಗಿದ್ದು' ಎಂದು ಅವನನ್ನೇ ಗದರುತ್ತಿದ್ದಳು. ಎಷ್ಟು ನಕ್ಕಿದ್ದರು ಎಲ್ಲರೂ. ಉಳಿದದ್ದು ಒಂದೇ, ಮೂರನೆಯದಾದ ಅಜ್ಜಿಯ ಭಾಷೆ. ಅವನಿಗೆ ಬಾರದ್ದು, ಅವಳು ಹಕ್ಕಿಯ ಹಾಗೆ ಆಡುವುದು. ಅಲ್ಲೂ ತೊಡರಿದರೆ ಇದು ಭಾಷೆಗಳ ನೂಕುನುಗ್ಗಲಲ್ಲ, ನಿಜವಾದ ತೊಂದರೆಯೇ. ಇದು ಅವನದೇ ನಿಯಮ. ಇಷ್ಟು ದಿನ ಅವನು ಆ ಬಾಗಿಲಿನವರೆಗೆ ಹೋಗಿ ಹೋಗಿ ವಾಪಸಾಗಿದ್ದ.

ಅವಳು ಟಾಯ್ಲೆಟ್ಟಿಗೆ ಹೋಗಿ ಬಂದು, ಹಾಲು ಕುಡಿದು, ಗೊಂಬೆಯನ್ನು ಎತ್ತಿಕೊಂಡ ಮೇಲೆ ಅವನು ಅತ್ತೆಯನ್ನು ಪಕ್ಕಕ್ಕೆ ಕರೆದು ಹೇಳಿಕೊಟ್ಟ. ಓದಿಸುವುದು ಬೇಡ, ಬರೀ ಬಾಯಿಮಾತು. ಒಂದು ಪದದ ಮೊದಲ ಸದ್ದನ್ನು ಕಿತ್ತುಹಾಕಿದರೆ ಏನು ಉಳಿಯುತ್ತದೆ, ಕೇಳಿ. ಅತ್ತೆಗೆ ಅದು ಮೊದಲು ಹುಚ್ಚಾಟವಾಗಿ ಕಂಡಿತು. ಆಮೇಲೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಮ್ಮ ಭಾಷೆಯಲ್ಲಿ ಕರಡಿಗೆ ಏನನ್ನುತ್ತಾರೋ ಆ ಪದವನ್ನು ಹೇಳಿ, ಅದರ ತಲೆ ಹಾರಿಸಿದರೆ ಉಳಿಯುವುದೇನು ಎಂದು ಕೇಳಿದರು.

ಬುಗುರಿ ಬಹಳ ಹೊತ್ತು ಯೋಚಿಸಿದಳು. "ಮರಿ ಉಳಿಯುತ್ತೆ," ಎಂದಳು. "ಅಮ್ಮ ಇಲ್ಲದೆ."

ಅತ್ತೆ ನಕ್ಕುಬಿಟ್ಟರು. ಅವನು ನಗಲಿಲ್ಲ. ಇನ್ನೊಂದು ಪದ, ಮತ್ತೊಂದು. ಪ್ರತಿ ಸಲವೂ ಅವಳು ಸದ್ದನ್ನು ಬಿಟ್ಟು ಪದದ ಒಳಗಿನ ಪ್ರಾಣಿಯನ್ನೋ ಹಣ್ಣನ್ನೋ ಹಿಡಿದು ತಂದಳು. ಜೆರಾಕ್ಸ್ ಹಾಳೆಯಲ್ಲಿದ್ದ ಚಿತ್ರಗಳ ಸಾಲನ್ನು ಅಜ್ಜಿಯ ಭಾಷೆಯಲ್ಲೇ ಬೇಗಬೇಗ ಹೆಸರಿಸು ಎಂದಾಗ ಕುರ್ಚಿಗೂ ಚಮಚಕ್ಕೂ ನಡುವೆ ಅವಳ ಬಾಯಿ ತೆರೆದುಕೊಂಡೇ ನಿಂತಿತು. ಗೊತ್ತಿರುವ ಹೆಸರು ನಾಲಿಗೆಗೆ ಬರಲು ಎಲ್ಲೋ ದೂರದಿಂದ ನಡೆದು ಬರುತ್ತಿತ್ತು. ಅತ್ತೆಯ ನಗು ತಾನಾಗಿ ನಿಂತಿತು. ಅವರು ಅಳಿಯನ ಮುಖ ನೋಡಿದರು, ಮೊಮ್ಮಗಳ ನೆತ್ತಿಯನ್ನು ಮೂಸಿದರು. "ಸಾಕು," ಎಂದರು ಅವನ ಭಾಷೆಯಲ್ಲಿ.

ಹೆಂಡತಿ ಬಂದು ಚಪ್ಪಲಿ ಬಿಡುವಾಗಲೇ ಏನೋ ಆಗಿದೆ ಎಂದು ಅವಳಿಗೆ ತಿಳಿಯಿತು. ಅವನು ಎಲ್ಲವನ್ನೂ ಹೇಳಿದ, ಮಣಿಕಟ್ಟು ಹಿಡಿದದ್ದನ್ನೂ. 'ನಾನು ಆವಾಗಲೇ ಹೇಳಿರಲಿಲ್ಲವೇ' ಎಂಬ ಮಾತಿಗಾಗಿ ತಲೆ ತಗ್ಗಿಸಿ ಕಾದ. ಅವಳು ಗೋಡೆಗೆ ಒರಗಿ ಕೂತು, ಕಾಲಿನ ಬೆರಳುಗಳನ್ನು ನೋಡುತ್ತಾ, "ಇದಕ್ಕೆ ಔಷಧ ಇದೆಯಾ?" ಎಂದಳು.

"ಔಷಧ ಇಲ್ಲ. ದಾರಿ ಇದೆ."

"ಆ ಡೈಲಾಗು ಬೇರೆಯವರಿಗೆ ಇಟ್ಕೊಳ್ಳಿ ರೀ. ನಂಗೆ ನೆಟ್ಟಗೆ ಹೇಳಿ. ಓದ್ತಾಳಾ?"

"ಓದ್ತಾಳೆ. ನಿಧಾನ ಆಗುತ್ತೆ. ಬೇರೆ ಥರ ಹೇಳ್ಕೊಡಬೇಕು, ಸದ್ದು ಸದ್ದಾಗಿ ಬಿಡಿಸಿ. ದಿನಾ. ವರ್ಷಗಟ್ಟಲೆ. ಎಲ್ಲರ ಹಾಗೆ ಓಡ್ತಾ ಓದ್ತಾಳೋ ಇಲ್ವೋ ನಂಗೊತ್ತಿಲ್ಲ."

"ಗೊತ್ತಿಲ್ಲ," ಎಂದು ಅವಳು ಆ ಪದವನ್ನು ಮತ್ತೆ ಹೇಳಿದಳು, ರುಚಿ ನೋಡುವವಳ ಹಾಗೆ. "ಇಷ್ಟು ವರ್ಷದಲ್ಲಿ ನಿಮ್ಮ ಬಾಯಲ್ಲಿ ಈ ಮಾತು ಕೇಳಿರ್ಲಿಲ್ಲ." ಆಮೇಲೆ ಅತ್ತಳು, ಸದ್ದಿಲ್ಲದೆ, ಒಳಗಿನ ಕೋಣೆಗೆ ಕೇಳಿಸದ ಹಾಗೆ. ಅವನು ಭುಜ ಮುಟ್ಟಲು ಹೋದರೆ ತಡೆದಳು. ಸ್ವಲ್ಪ ಹೊತ್ತಾದ ಮೇಲೆ ತಾನೇ ಅವನ ಕೈಯನ್ನು ಎಳೆದು ತನ್ನ ಭುಜದ ಮೇಲೆ ಇಟ್ಟುಕೊಂಡಳು. "ನಾಳೆ ಬೇರೆ ಯಾರ ಹತ್ರನಾದ್ರೂ ತೋರ್ಸೋಣ. ನೀವು ಬಾಗಿಲ ಹೊರಗೆ ಕೂತ್ಕೊಳ್ಳಿ, ಎಲ್ಲಾ ಅಪ್ಪಂದಿರ ಹಾಗೆ."

ಬೆಳಿಗ್ಗೆ ಅವನು ಮೊದಲು ಮೇಡಂಗೆ ಫೋನು ಮಾಡಿದ. ಮುಂದಿನ ವಾರದ ಮಂಡನೆ ಆಗುವುದಿಲ್ಲ, ಮೊದಲು ಆ ಮಕ್ಕಳನ್ನು ಹುಡುಕಿಕೊಂಡು ಹೋಗಬೇಕು, ಅವರವರ ಮನೆಮಾತು ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಬೇಕು ಎಂದ. "ಒಂದು ವರ್ಷ ಹೋಗುತ್ತೆ," ಎಂದರು ಅವರು. ಹೋಗಲಿ ಎಂದ. "ಸರಿ," ಎಂದರು. "ಏನಾಯ್ತು?" ಎಂದು ಕೇಳಿದರು. ಅವನು ಹೇಳಲಿಲ್ಲ, ಮನೆಯಲ್ಲಿ ಮಗಳಿಗೆ ಹುಷಾರಿಲ್ಲ ಎಂದುಬಿಟ್ಟ. ಹಾಗಂದದ್ದಕ್ಕೆ ಮತ್ತೆ ನಾಚಿಕೆಯಾಯಿತು. ಬುಗುರಿ ಹುಷಾರಾಗಿಯೇ ಇದ್ದಳು. ಬಾತ್‌ರೂಮಿನಲ್ಲಿ ಅವಳು ಹಾಡುವುದು ಕೇಳಿಸುತ್ತಿತ್ತು.

ಆಮೇಲೆ ಬಟ್ಟೆ ಹೊಲಿಯುವವಳ ನಂಬರು ಹುಡುಕಿ ಒತ್ತಿದ. ಅವಳ ದನಿಯ ಹಿಂದೆ ಹೊಲಿಗೆಯಂತ್ರ ಓಡುತ್ತಿತ್ತು. ಅವನು ಯಾರೆಂದು ಹೇಳಿದ ಮೇಲೆ ನಿಂತಿತು. "ಸಾರ್! ನೀವಾ ಸಾರ್?" ಎಂದಳು, ದೇವರೇ ಫೋನು ಮಾಡಿದ ಹಾಗೆ. ಅವನು ನಿಂತುಕೊಂಡು ಮಾತಾಡಿದ. ಅವತ್ತು ನಾನು ಹೇಳಿದ್ದು ತಪ್ಪಿರಬಹುದು, ಪೂರ್ತಿ ನೋಡದೆ ಹೇಳಿಬಿಟ್ಟೆ, ನಿಮ್ಮ ಮಗನಿಗೆ ತೊಂದರೆ ಇರಬಹುದು, ಅದು ಅವನ ತಪ್ಪಲ್ಲ, ಮತ್ತೆ ಬಂದು ಸರಿಯಾಗಿ ನೋಡುತ್ತೇನೆ.

"ನೀವು ಏನೂ ಇಲ್ಲ ಅಂದ್ರಲ್ಲ ಸಾರ್," ಎಂದಳು ಅವಳು. ಬೈಯುವ ದನಿಯಲ್ಲ, ಲೆಕ್ಕ ತಾಳೆಯಾಗದವರ ದನಿ. "ಏನೂ ಇಲ್ಲ ಅಂದ ಮೇಲೆ ಸೋಮಾರಿತನ ಅಂದ್ಕೊಂಡ್ವಿ. ಬೇಕು ಅಂತ ಮಾಡ್ತಾನೆ ಅಂತ. ಅವರಪ್ಪ ಹೊಡೀತಿದ್ರು. ನಾನು ಹೊಡೆದೆ ಸಾರ್. ಸ್ಕೇಲಲ್ಲಿ. ಈ ಬಟ್ಟೆ ಅಳೆಯೋ ಸ್ಕೇಲಲ್ಲಿ."

ಏನಾದರೂ ಹೇಳಬೇಕು. ನೂರಾರು ತಾಯಂದಿರಿಗೆ ಹೇಳಿದ ಮಾತುಗಳಲ್ಲಿ ಒಂದಾದರೂ ಇಲ್ಲಿಗೆ ಹೊಂದುತ್ತದೆಯೇ ಎಂದು ಹುಡುಕಿದ.

"ಅದನ್ನೇನು ಮಾಡ್ಲಿ ಈಗ?" ಎಂದಳು ಅವಳು. "ಹೊಡೆದಿದ್ದನ್ನ?"

"ಅವನು ಮನೇಲಿದಾನಾ?"

"ಇದಾನೆ. ಶಾಲೆಗೆ ಹೋಗಲ್ಲ ಅಂತ ಮಂಚದ ಕೆಳಗೆ ಮಲಗಿದಾನೆ. ದಿನಾ ಇದೇ ಗೋಳು."

"ಅವನಿಗೆ ಕೊಡಿ ಫೋನು."

ನೆಲದ ಮೇಲೆ ಏನೋ ಸರಿಯುವ ಸದ್ದು, ತಾಯಿ ತನ್ನ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳುವ ಸದ್ದು. ಆಮೇಲೆ ಬರೀ ಉಸಿರು. ಮೂಗು ಕಟ್ಟಿದ, ಬಹಳ ಹತ್ತಿರದ ಉಸಿರು.

"ನಾನು, ಕಾರ್ಡು ಓದ್ಸೋಕೆ ಬಂದಿದ್ನಲ್ಲ, ಆ ಸರ್," ಎಂದ ಅವನು.

ಹುಡುಗ ಕೇಳಿದ. "ಮತ್ತೆ ಓದ್ಬೇಕಾ?"

"ಬೇಡ," ಎಂದ. ಬಾತ್‌ರೂಮಿನ ಬಾಗಿಲು ತೆರೆದು ಬುಗುರಿ ಒದ್ದೆ ಕಾಲಲ್ಲಿ ಓಡಿಬಂದವಳು ಅಪ್ಪನ ಮುಖ ನೋಡಿ ನಿಂತಳು. ಅವನು ಅವಳನ್ನು ಹೊರಗೆ ಹೋಗೆಂದು ಹೇಳಲಿಲ್ಲ. "ನೀನು ಏನೂ ಓದ್ಬೇಡ. ನಾನು ಹೇಳೋದು ಕೇಳಿಸ್ಕೋ, ಆಯ್ತಾ? ಅವತ್ತು ನೀನು ಬಹಳ ಕಷ್ಟಪಟ್ಟು ಓದಿದೆ. ನಂಗೆ ಕಾಣ್ಸಿತ್ತು. ಕಾಣ್ಸಿದ್ದನ್ನ ನಾನು ನಿಮ್ಮಮ್ಮಂಗೆ ಹೇಳ್ಲಿಲ್ಲ."

ಹುಡುಗ ಫೋನನ್ನು ಬಾಯಿಂದ ದೂರ ಹಿಡಿದು, ತನ್ನ ಭಾಷೆಯಲ್ಲಿ, ತಾಯಿಗೆ ಏನೋ ಕೂಗಿ ಹೇಳಿದ. ಈ ಕಡೆ ಅವನಿಗೆ ಒಂದು ಪದವೂ ಅರ್ಥವಾಗಲಿಲ್ಲ.